ದೊಡ್ಡ ಸಿಸ್ಟರಿಗೊಂದು ಶಿಲುಬೆ

ಜಗಳ ಶುರುವಾದದ್ದು ಒಂದು ಸ್ಟೂಲಿನಿಂದ.

ಆಸ್ಪತ್ರೆಯ ಹೆಂಗಸರ ವಾರ್ಡಿಗೆಂದು ಬಡಗಿ ಮಾಡಿಕೊಟ್ಟಿದ್ದ ಸ್ಟೂಲು ಅದು. ನರ್ಸುಗಳಿಗೆಲ್ಲ ಮೇಲಿನವರಾದ ದೊಡ್ಡ ಸಿಸ್ಟರ್ ಅದನ್ನು ಮೂರು ಸಲ ವಾಪಸು ಕಳಿಸಿದ್ದರು. ನಾಲ್ಕನೆಯ ಸಲ ತಾವೇ ಎತ್ತಿಕೊಂಡು ನೆಲಮಾಳಿಗೆಯ ಮರಗೆಲಸದ ಕೋಣೆಗೆ ಇಳಿದು ಬಂದರು. ಸ್ಟೂಲನ್ನು ನೆಲದ ಮೇಲಿಟ್ಟು, ಜೇಬಿನಿಂದ ಜ್ವರ ಬರೆಯುವ ಒಂದು ಹಾಳೆ ತೆಗೆದು, ಅದರ ಒಂದು ಕಾಲಿನ ಕೆಳಗೆ ತೂರಿಸಿದರು. ಹಾಳೆ ಬೆಣ್ಣೆಯೊಳಗೆ ಚಾಕು ಹೋದ ಹಾಗೆ ಹೋಯಿತು.

"ನೋಡಿ ಬಡಗಿಯವರೇ, ಮೂರು ಕಾಲು ಒಂದು ಮಾತು ಹೇಳ್ತಿವೆ, ನಾಲ್ಕನೇದು ಬೇರೇನೇ ಹೇಳ್ತಿದೆ."

"ಒಂದು ಹಾಳೆ ದಪ್ಪ ಸಿಸ್ಟರ್! ಬರೀ ಒಂದು ಹಾಳೆ!"

"ನಿಮಗೆ ಹಾಳೆ. ಇಂಜೆಕ್ಷನ್ ಚುಚ್ಚಿಸ್ಕೊಳ್ಳೋಕೆ ಅದರ ಮೇಲೆ ಕೂತಿರೋರಿಗೆ ಭೂಕಂಪ."

ಅಷ್ಟು ಹೇಳಿ, ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಅವರು ಮೇಲೆ ಹತ್ತಿಹೋದರು. ಬಡಗಿ ಮೂಗಿನಿಂದ ಉಸಿರು ಬಿಟ್ಟ. ಸಿಟ್ಟು ಬಂದಾಗ ಅವನ ಮೂಗು ಹೀಗೆ ಶಿಳ್ಳೆ ಹಾಕುತ್ತಿತ್ತು. ಅದಕ್ಕೇ ಆಸ್ಪತ್ರೆಯವರೆಲ್ಲ ಅವನ ಬೆನ್ನ ಹಿಂದೆ ಅವನನ್ನು 'ಕುಕ್ಕರ್' ಎನ್ನುತ್ತಿದ್ದರು. ಆ ದಿನ ಮೂರು ಶಿಳ್ಳೆ ಬಿತ್ತು.

ಹತ್ತೊಂಬತ್ತು ವರ್ಷ! ಹತ್ತೊಂಬತ್ತು ವರ್ಷದಲ್ಲಿ ಅವನು ಆ ಆಸ್ಪತ್ರೆಗೆ ಮಾಡಿಕೊಟ್ಟ ಕಿಟಕಿ, ಕಪಾಟು, ಮಂಚದ ತಲೆಹಲಗೆ, ಔಷಧಿ ಪೆಟ್ಟಿಗೆ ಒಂದನ್ನಾದರೂ ಆ ಹೆಂಗಸು 'ಸರಿಯಾಗಿದೆ' ಎಂದಿದ್ದರೆ ಕೇಳಿ. ಕಪಾಟಿನ ಬಾಗಿಲು ತೆರೆದರೆ ನರಳುತ್ತದೆ, ಮುಚ್ಚಿದರೆ ಕೆಮ್ಮುತ್ತದೆ, ಆಸ್ಪತ್ರೆಯಲ್ಲಿ ಇರುವ ರೋಗಿಗಳು ಸಾಲದೇ ಎನ್ನುತ್ತಿದ್ದರು. ಬೈಯುವಾಗಲೂ ದನಿ ಏರಿಸುತ್ತಿರಲಿಲ್ಲ, 'ಬಡಗಿಯವರೇ' ಎಂಬ ಬಹುವಚನವನ್ನು ಬಿಡುತ್ತಿರಲಿಲ್ಲ. ಏಕವಚನದಲ್ಲಿ ಬೈದಿದ್ದರೆ ಅವನೂ ಎರಡು ಮಾತು ಎದುರಾಡಿ ಎದೆ ಹಗುರ ಮಾಡಿಕೊಳ್ಳುತ್ತಿದ್ದ. ಆ ಮರ್ಯಾದೆಯೇ ಅವನ ಹೊಟ್ಟೆಯಲ್ಲಿ ಬೆಂಕಿ ಹಚ್ಚುತ್ತಿತ್ತು.

ಈಗ ಅವರು ನಿವೃತ್ತರಾಗುವವರಿದ್ದರು. ಉಳಿದದ್ದು ಒಂದೇ ವಾರ.

ಅಂದು ಮಧ್ಯಾಹ್ನವೇ ಹೆಡ್ ಗುಮಾಸ್ತರು ಸಿಬ್ಬಂದಿಯನ್ನು ಕೂರಿಸಿಕೊಂಡು ಬೀಳ್ಕೊಡುಗೆಗೆ ಏನು ಕೊಡೋಣವೆಂದು ಕೇಳಿದರು. ಅವರೇ ಗೋಡೆ ಗಡಿಯಾರವೆಂದರು.

"ಅವರಿಗ್ಯಾಕೆ ಸಾರ್ ಗಡಿಯಾರ? ಗಡಿಯಾರಾನೇ ಅವರ ಮುಖ ನೋಡಿ ಟೈಮ್ ಸರಿಮಾಡ್ಕೊಳ್ಳುತ್ತೆ" ಎಂದ ಎಲೆಕ್ಟ್ರೀಷಿಯನ್.

ಆಗ ಲಾಂಡ್ರಿಯ ಅಕ್ಕ ಒಂದು ಮಾತು ಹೇಳಿದಳು. ದೊಡ್ಡ ಸಿಸ್ಟರ ಕೋಣೆಯ ಗೋಡೆಯ ಮೇಲೆ ಒಂದು ಸುಣ್ಣದ ಶಿಲುಬೆ ಇದೆಯಂತೆ. ಅದರ ಒಂದು ತೋಳು ಮುರಿದು, ಅದಕ್ಕೆ ಗಾಯದ ಪ್ಲಾಸ್ಟರ್ ಸುತ್ತಿ ನಿಲ್ಲಿಸಿದ್ದಾರಂತೆ. "ಚಾದರ ಬದಲಾಯಿಸೋಕೆ ಹೋದಾಗೆಲ್ಲ ನೋಡ್ತೀನಿ. ಪಾಪ ಅನ್ಸುತ್ತೆ."

ಬಡಗಿ ಧಡಕ್ಕನೆ ಎದ್ದು ನಿಂತ. "ಶಿಲುಬೆ ನಾನು ಮಾಡ್ತೀನಿ."

ಎಲ್ಲರೂ ಅವನತ್ತ ತಿರುಗಿದರು. ದೊಡ್ಡ ಸಿಸ್ಟರ ಹೆಸರೆತ್ತಿದರೆ ಶಿಳ್ಳೆ ಹಾಕುವವನು ಅವರಿಗೆ ಉಡುಗೊರೆ ಮಾಡುವುದೇ?

"ಪ್ರೀತಿಯಿಂದ ಅಲ್ಲ" ಎಂದ ಬಡಗಿ, ಹಲ್ಲು ಕಚ್ಚಿ. "ಸಿಟ್ಟಿನಿಂದ. ಆ ಮಹಾತಾಯಿ ಗೇಟು ದಾಟೋದಕ್ಕೆ ಮುಂಚೆ ಒಂದು ಸಲ, ಒಂದೇ ಒಂದು ಸಲ, ಅದನ್ನ ತಿರುಗಿಸಿ ಮುರುಗಿಸಿ ನೋಡ್ಬೇಕು, ತಪ್ಪು ಹುಡುಕ್ಬೇಕು, ಸಿಗಬಾರದು! ಬಾಯಿ ಬಿಟ್ಟು 'ಸರಿಯಾಗಿದೆ' ಅನ್ಬೇಕು. ಅಷ್ಟೇ ನನಗೆ ಬೇಕಾದ್ದು."

ಆಸ್ಪತ್ರೆಯ ಹಳೆಯ ಸಭಾಕೋಣೆಯ ಮೇಜನ್ನು ಎಂಟು ವರ್ಷದ ಹಿಂದೆ ಎಸೆದಾಗ ಅದರ ಬೀಟೆಮರದ ಹಲಗೆಗಳನ್ನು ಅವನು ತನ್ನ ಕೆಲಸದ ಮೇಜಿನ ಕೆಳಗೆ ಬಚ್ಚಿಟ್ಟುಕೊಂಡಿದ್ದ. ಅದರಲ್ಲೇ ಶುರುಮಾಡಿದ. ಒಂದೂವರೆ ಅಡಿ ಎತ್ತರ, ಮೂರು ಬೆರಳಗಲ. ಎರಡು ತುಂಡುಗಳನ್ನೂ ನಡುವೆ ಅರ್ಧರ್ಧ ಕಚ್ಚು ಹಾಕಿ ಒಂದರೊಳಗೊಂದು ಕೂರಿಸಿದಾಗ ಜೋಡಣೆಯಲ್ಲಿ ಕೂದಲೂ ನುಗ್ಗುವಂತಿರಲಿಲ್ಲ. ಆಮೇಲೆ ಅಂಚಿನಿಂದ ಅರ್ಧ ಬೆರಳು ಒಳಗೆ, ಶಿಲುಬೆಯ ಆಕಾರವನ್ನೇ ಸುತ್ತಿ ಬರುವಂತೆ, ಬೆಂಕಿಕಡ್ಡಿಯಷ್ಟು ಅಗಲದ ಒಂದು ತೋಡು ಕೊರೆದ. ಆ ಕಪ್ಪು ಮರದ ತೋಡಿನೊಳಗೆ ಹಾಲುಬಣ್ಣದ ಮರದ ಪಟ್ಟಿಗಳು ಕೂರಬೇಕು. ಹನ್ನೆರಡು ಪಟ್ಟಿ, ಹನ್ನೆರಡು ಮೂಲೆ. ಪ್ರತಿ ಮೂಲೆಯಲ್ಲೂ ಎರಡು ಪಟ್ಟಿಗಳ ತುದಿ ಓರೆಯಾಗಿ ಕೂಡಿ ಒಂದೇ ಗೆರೆಯಂತೆ ಕಾಣಬೇಕು. ನಡುನಡುವೆ ಗುಮಾಸ್ತರು ಕುರ್ಚಿ ರಿಪೇರಿಗೆ ಎಳೆದೊಯ್ಯುತ್ತಿದ್ದರಿಂದ ಪಟ್ಟಿ ಕೂರಿಸುವ ಕೆಲಸ ಬೀಳ್ಕೊಡುಗೆಯ ದಿನಕ್ಕೇ ಉಳಿಯಿತು. ಆದರೇನು, ಪಟ್ಟಿಗಳನ್ನು ಸೀಳಿ, ಉಜ್ಜಿ, ಮೇಜಿನ ಮೇಲೆ ಸಾಲಾಗಿ ಜೋಡಿಸಿಟ್ಟು ಹೋಗಿದ್ದ. ಸಭೆ ಇದ್ದದ್ದು ಸಂಜೆ ನಾಲ್ಕಕ್ಕೆ. ಬೇಕಾದಷ್ಟು ಸಮಯವಿತ್ತು.

ಬೆಳಿಗ್ಗೆ ಎಂಟಕ್ಕೆ ಬಂದು ನೋಡಿದರೆ ಶಿಲುಬೆ ಇದೆ, ಪಟ್ಟಿಗಳಿಲ್ಲ.

ಮೇಜಿನ ಕೆಳಗೆ ನೋಡಿದ. ಹತ್ತರಿ ಹೊಡೆದಾಗ ಉದುರಿದ ಮರದ ಸುರುಳಿಗಳ ರಾಶಿಯನ್ನು ಕೋಳಿಯ ಹಾಗೆ ಕೆದರಿದ. ಇಲ್ಲ. ಅಷ್ಟರಲ್ಲಿ ಎಲೆಕ್ಟ್ರೀಷಿಯನ್ ಏಣಿ ಹೊತ್ತುಕೊಂಡು, ಬಾಯಲ್ಲಿ ಏನೋ ಹಾಡು ಗುನುಗುತ್ತ ಒಳಗೆ ಬಂದ.

"ಅಣ್ಣ, ಅಲ್ಲಿ ಸಣ್ಣ ಸಣ್ಣ ಕಡ್ಡಿ ಇದ್ವಲ್ಲ, ಭಲೇ ಉಪಯೋಗ ಆಯ್ತು ಕಣಣ್ಣ."

ಬಡಗಿಯ ಬೆನ್ನು ನೆಟ್ಟಗಾಯಿತು. "ಯಾವ ಕಡ್ಡಿ?"

"ಬಿಳೀ ಕಡ್ಡಿ. ಹೆಂಗಸರ ವಾರ್ಡಲ್ಲಿ ಫ್ಯಾನು ಟಕ್ ಟಕ್ ಅಂತಿದೆ ಅಂತ ದೊಡ್ಡ ಸಿಸ್ಟರ್ ಏಳು ಗಂಟೆಗೇ ನನ್ನ ಜೀವ ತಿಂದ್ರು. ಹೋಗೋ ದಿನಾನೂ ಬಿಡಲ್ಲ ನೋಡು! ಮುರಿದು ಮುರಿದು ಕೊಕ್ಕೆ ಸಂದಿಗೆ ತುರುಕಿದೆ. ಈಗ ಫ್ಯಾನು ಮಗು ಮಲಗಿದ ಹಾಗೆ ತಿರುಗ್ತಿದೆ."

ಮೊದಲ ಶಿಳ್ಳೆ ಬಿತ್ತು.

"ಎರಡು ದಿನ! ಎರಡು ದಿನ ಕೂತು ಸೀಳಿದ್ದು! ಶಿಲುಬೆಗೆ ಕೂರಿಸೋಕೆ ಇಟ್ಟಿದ್ದ ಪಟ್ಟಿ ಕಣೋ ಅದು! ನಿನ್ನ ಕೊಕ್ಕೆ ಸಂದಿಗೆ ನಿನ್ನ ತಲೆ ತುರುಕೋಕೆ ಏನಾಗಿತ್ತೋ? ಅದೂ ಮರದ್ದೇ ಅಲ್ವಾ?"

ಎಲೆಕ್ಟ್ರೀಷಿಯನ್ ಏಣಿಯನ್ನು ಮೆಲ್ಲಗೆ ತನ್ನ ಮತ್ತು ಬಡಗಿಯ ನಡುವೆ ನಿಲ್ಲಿಸಿಕೊಂಡ. "ಬಿಡಣ್ಣ, ಅದಕ್ಕಿಂತ ಚೆನ್ನಾಗಿರೋದು ನಾನು ಹೇಳ್ತೀನಿ. ತೋಡು ಹೇಗೂ ಕೊರೆದಿದ್ದೀಯ. ಅದರೊಳಗೆ ಸಣ್ಣ ಲೈಟಿನ ಸರ ಎಳೆದುಬಿಡೋಣ. ಒಮ್ಮೆ ಕೆಂಪು, ಒಮ್ಮೆ ಹಸಿರು, ಒಮ್ಮೆ—"

ಬಡಗಿ ಬೀಸಿದ ಕೊಡತಿ ಏಣಿಯ ಮೂರನೆಯ ಮೆಟ್ಟಿಲಿಗೆ ಬಡಿಯಿತು. ಎಲೆಕ್ಟ್ರೀಷಿಯನ್ನನ ಮಾತಿನ ಫ್ಯೂಸ್ ಅಲ್ಲೇ ಹೋಯಿತು.

ಈ ಗದ್ದಲ ಕೇಳಿ ಪಕ್ಕದ ಲಾಂಡ್ರಿಯಿಂದ ಅಕ್ಕ ಬಂದಳು, ಶೆಡ್ಡಿನಿಂದ ಆಂಬುಲೆನ್ಸ್ ಡ್ರೈವರ್ ಬಂದ. ಬಿಳಿ ಮರ ಎಲ್ಲಿ ಸಿಕ್ಕೀತೆಂದು ತಲೆಗೊಂದು ಸಲಹೆ ಶುರುವಾಯಿತು. ಅಕ್ಕ ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ತಂದು ತೋರಿಸಿದಳು. ಅವು ಒಂದು ಬೆರಳುದ್ದವೂ ಇರಲಿಲ್ಲ. ಎಲೆಕ್ಟ್ರೀಷಿಯನ್ ಏಣಿಯ ಹಿಂದಿನಿಂದಲೇ, ಗಂಟಲು ನೋಡುವಾಗ ನಾಲಗೆ ಒತ್ತುವ ಕಡ್ಡಿಗಳು ಸ್ಟೋರಿನಲ್ಲಿ ಪೆಟ್ಟಿಗೆಗಟ್ಟಲೆ ಇವೆ ಎಂದ. ಬಡಗಿ ಎರಡನೆಯ ಸಲ ಕೊಡತಿ ಎತ್ತಿದ.

ಡ್ರೈವರ್ ಮಾತ್ರ ಸಟ್ಟನೆ ತಿರುಗಿದ. ಹೊರಗೆ ಹೋದ. ಹತ್ತು ನಿಮಿಷ ಬಿಟ್ಟು ವಾಪಸು ಬಂದಾಗ ಎದೆಗೆ ಒಂದು ಹಳೆಯ ಕ್ರಿಕೆಟ್ ಬ್ಯಾಟನ್ನು ಅಪ್ಪಿಕೊಂಡಿದ್ದ.

ಆ ಬ್ಯಾಟು ಯಾರಿಗೆ ಗೊತ್ತಿರಲಿಲ್ಲ? ಡ್ರೈವರ್ ಕೋಣೆಯಲ್ಲಿ ಮೊಳೆಗೆ ನೇತುಹಾಕಿದ್ದ ಬ್ಯಾಟು. ಇಪ್ಪತ್ತೆರಡು ವರ್ಷದ ಹಿಂದೆ ಕೊನೆಯ ಚೆಂಡಿಗೆ ಆರು ಹೊಡೆದು ಆಸ್ಪತ್ರೆಯ ತಂಡವನ್ನು ಗೆಲ್ಲಿಸಿದ್ದ ಬ್ಯಾಟು. ಆ ಆರು ರನ್ನಿನ ಕತೆ ಆಂಬುಲೆನ್ಸಿನಲ್ಲಿ ಮಲಗಿ ಬಂದ ರೋಗಿಗಳಿಗೂ ಬಾಯಿಪಾಠವಾಗಿತ್ತು.

"ಇದರ ಬೆನ್ನಿನ ಮರ ಹಾಲಿನ ಹಾಗಿದೆ" ಎಂದ ಡ್ರೈವರ್. ಬ್ಯಾಟನ್ನು ಮೇಜಿನ ಮೇಲಿಟ್ಟ. "ತಗೋ. ಕೊಯ್ಯಿ."

"ನಿಜವಾಗ್ಲೂ?"

"ದಿನಕ್ಕೆ ಮೂರು ಸಲ ಗಾಡಿ ತೊಳಿಸ್ತಾರೆ ನನ್ನ ಕೈಲಿ. ಮೂರು ಸಲ! ತೊಳೆದ ಮೇಲೆ ಒಳಗೆ ಬಗ್ಗಿ ಮೂಸಿ ನೋಡ್ತಾರೆ. ಅವರು ಸುಖವಾಗಿ ಮನೆಗೆ ಹೋಗ್ಲಿ, ಸಭೆ ಚೆನ್ನಾಗಿ ಆಗ್ಲಿ. ಬ್ಯಾಟೇನು, ಕೇಳಿದ್ರೆ ವಿಕೆಟ್ಟೂ ಕೊಡ್ತೀನಿ."

ಗರಗಸ ಇಟ್ಟಾಗ ಡ್ರೈವರ್ ಗೋಡೆಗೆ ಮುಖ ತಿರುಗಿಸಿ ನಿಂತ. ಆದರೆ ಕಿವಿ ತಿರುಗಿಸಲಾದೀತೇ? ಗರಗಸ ಒಮ್ಮೆ ಎಳೆದಾಗಲೆಲ್ಲ ಅವನ ಭುಜ ಒಮ್ಮೆ ನಡುಗುತ್ತಿತ್ತು. "ನಿಧಾನ... ಅಲ್ಲಿ ನಿಧಾನ... ಚೆಂಡು ತಾಗಿದ ಗುರುತಿದೆ ಅಲ್ಲಿ" ಎಂದು ಗೋಡೆಗೆ ಹೇಳುತ್ತಿದ್ದ. ಬಡಗಿಗೆ ಗೆರೆ ತಪ್ಪಿ ಎರಡು ಪಟ್ಟಿ ಹಾಳಾದವು.

"ಹೊರಗೆ ಹೋಗೋ ಮಾರಾಯ! ನೀನಿಲ್ಲಿ ಹೀಗೆ ಮುಲುಗ್ತಾ ನಿಂತ್ರೆ ನಾನು ಮರ ಕೊಯ್ಯೋದಾ, ನಿನ್ನ ಕಣ್ಣೀರು ಒರೆಸೋದಾ?"

"ಬ್ಯಾಟು ನಂದು ಕಣೋ!"

"ಸಿಟ್ಟು ನಂದು ಕಣೋ!"

ಹನ್ನೊಂದು ಗಂಟೆಗೆ ಹನ್ನೆರಡು ಪಟ್ಟಿ ಸಿದ್ಧವಾದವು. ಒಂದೊಂದಕ್ಕೂ ತುದಿಯನ್ನು ಓರೆಯಾಗಿ ಕತ್ತರಿಸಿ, ಅಂಟು ಸವರಿ, ಉಸಿರು ಬಿಗಿಹಿಡಿದು ತೋಡಿನೊಳಗೆ ಒತ್ತಿದ. ಕಪ್ಪು ಮರದ ಮೈಮೇಲೆ ಬಿಳಿಯ ಗೆರೆ ಒಂದು ಮೂಲೆ ತಿರುಗಿತು, ಇನ್ನೊಂದು ತಿರುಗಿತು, ಹನ್ನೆರಡನೆಯದನ್ನೂ ತಿರುಗಿ ಹೊರಟ ಜಾಗಕ್ಕೇ ಬಂದು ಮುಟ್ಟಿತು. ಬಡಗಿ ಒಂದು ಹೆಜ್ಜೆ ಹಿಂದೆ ಸರಿದು ನೋಡಿದ. ಒಂದು ಕ್ಷಣ ಅವನಿಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಆ ಕ್ಷಣ ಬಹಳ ಹೊತ್ತು ಉಳಿಯಲಿಲ್ಲ, ಯಾಕೆಂದರೆ ಹೆಡ್ ಗುಮಾಸ್ತರು ಬಾಗಿಲಲ್ಲಿ ನಿಂತಿದ್ದರು.

"ಚೆನ್ನಾಗಿದೆ, ಚೆನ್ನಾಗಿದೆ. ಹಿಂದುಗಡೆ ಜಾಗ ಇದೆಯಲ್ಲ, ಅಲ್ಲಿ ಸಿಬ್ಬಂದಿ ಹೆಸರೆಲ್ಲ ಕೆತ್ತಿಬಿಡು. ಸೀನಿಯಾರಿಟಿ ಪ್ರಕಾರ ಪಟ್ಟಿ ಟೈಪ್ ಮಾಡಿಸಿದ್ದೀನಿ. ಮೊದಲು ನನ್ನದು."

"ಸಾರ್, ಇದು ಶಿಲುಬೆ. ಹಾಜರಿ ಪುಸ್ತಕ ಅಲ್ಲ."

"ಹಾಗಾದ್ರೆ ನನ್ನದೊಂದೇ ಕೆತ್ತು."

ಬಡಗಿ ಉಳಿಯನ್ನು ಮೇಜಿನ ಮೇಲೆ ಇಟ್ಟ ರೀತಿ ನೋಡಿ ಗುಮಾಸ್ತರು ಹೆಸರಿನ ಮಾತು ಬಿಟ್ಟರು. ಆದರೆ ಬರಿಗೈಲಿ ಹೋಗುವ ಆಳಲ್ಲ ಅವರು. ವೇದಿಕೆಯ ಮೆಟ್ಟಿಲು ಅಲುಗಾಡುತ್ತಿದೆ, ಈಗಲೇ ಬಂದು ಸರಿಮಾಡು, ದೊಡ್ಡ ಡಾಕ್ಟರು ಜಾರಿ ಬಿದ್ದರೆ ನೀನು ಹೊಣೆ ಎಂದರು. ಬಡಗಿ ಅಂಟು ಒಣಗಲೆಂದು ಶಿಲುಬೆಯನ್ನು ಮೇಜಿನ ನಡುವೆ ಮಲಗಿಸಿ, "ಯಾರೂ ಮುಟ್ಟಬಾರದು" ಎಂದು ಸೀಮೆಸುಣ್ಣದಲ್ಲಿ ಬರೆದು, ಗೊಣಗುತ್ತ ಮೇಲೆ ಹೋದ.

ಮೆಟ್ಟಿಲು ಮುಗಿಸಿ ಅವನು ಕೆಳಗೆ ಬಂದಾಗ ಒಂದೂಮುಕ್ಕಾಲು. ಸೀಮೆಸುಣ್ಣದ ಅಕ್ಷರಗಳು ಇದ್ದವು, ಶಿಲುಬೆ ಇರಲಿಲ್ಲ.

"ತಮ್ಮಾ, ಹೆದರ್ಕೋಬೇಡ, ನನ್ನ ಹತ್ರ ಇದೆ!" ಎಂದು ಪಕ್ಕದಿಂದ ಲಾಂಡ್ರಿ ಅಕ್ಕನ ದನಿ ಬಂತು. "ಅಂಟು ಒಣಗೋಕೆ ಹೊತ್ತಾಗುತ್ತೆ ಅಂತ ಬಿಸಿ ಕೋಣೇಲಿ ಇಟ್ಟಿದ್ದೀನಿ. ಅರ್ಧ ಗಂಟೇಲಿ ಒದ್ದೆ ಕಂಬಳೀನೇ ಹಪ್ಪಳ ಆಗುತ್ತೆ, ಇದ್ಯಾವ ಲೆಕ್ಕ?"

ಬಡಗಿ ಓಡಿದ. ಬಿಸಿ ಕೋಣೆಯಲ್ಲಿ ದಿಂಬಿನ ಚೀಲಗಳ ನಡುವೆ, ಬಿಳಿ ಟವೆಲಿನ ಮೇಲೆ, ಹೊಸದಾಗಿ ಹುಟ್ಟಿದ ಕೂಸಿನ ಹಾಗೆ ಶಿಲುಬೆ ಮಲಗಿತ್ತು. ಎತ್ತಿ ನೋಡಿದ. ಹನ್ನೊಂದು ಪಟ್ಟಿ ತೆಪ್ಪಗಿದ್ದವು. ಕೆಳಗಿನ ಉದ್ದ ತೋಳಿನ ಒಂದು ಪಟ್ಟಿ ಮಾತ್ರ ಶಾಖಕ್ಕೆ ಅಂಟು ಬಿಟ್ಟು ಮೇಲೆದ್ದು, ಅವನನ್ನೇ ಅಣಕಿಸುವಂತೆ ನಾಲಗೆ ಚಾಚಿತ್ತು.

"ಅಕ್ಕಾ!"

ಆ ಒಂದು ಕೂಗಿಗೆ ಲಾಂಡ್ರಿಯ ಕಿಟಕಿಗಾಜು ಅದುರಿತು. ಮರ ಅಂದರೆ ಅಂಗಿಯೇ, ಇಸ್ತ್ರಿ ಹಾಕೋಕೆ? ಮುಟ್ಟಬೇಡಿ ಅಂತ ಬರೆದದ್ದು ಗೋಡೆಗೆ ಓದೋಕಾ? ಈ ಆಸ್ಪತ್ರೆಯಲ್ಲಿ ಒಬ್ಬರಿಗಾದರೂ ತಮ್ಮ ಕೆಲಸ ತಾವು ಮಾಡುವ ರೋಗ ಇದೆಯಾ? ಒಂದೇ ಉಸಿರಿಗೆ ಎಲ್ಲವೂ ಬಂತು. ಅಕ್ಕ ಸೆರಗಿನ ತುದಿ ಬಾಯಿಗಿಟ್ಟುಕೊಂಡಳು. "ನಿಂಗೆ ಒಳ್ಳೇದಾಗ್ಲಿ ಅಂತ ಮಾಡಿದ್ದು ಕಣೋ ತಮ್ಮಾ" ಎಂದಳು. ಅದನ್ನು ಕೇಳಿ ಅವನಿಗೆ ಇನ್ನಷ್ಟು ಸಿಟ್ಟು ಬಂತು, ಯಾಕೆಂದರೆ ಅದು ನಿಜವಾಗಿತ್ತು.

ತನ್ನ ಕೋಣೆಗೆ ಬಂದು ಹಳೆಯ ಅಂಟನ್ನು ಸೂಜಿಯಿಂದ ಕೆರೆದು, ಹೊಸ ಅಂಟು ಹಾಕಿ, ಪಟ್ಟಿಯನ್ನು ಒಳಗೆ ಒತ್ತಿದ. ಶಿಲುಬೆಯನ್ನು ಎರಡು ದಪ್ಪ ಹಲಗೆಗಳ ನಡುವೆ, ಮೇಲೊಂದು ಕಾಗದ ಹರಡಿ, ನೆಲದ ಮೇಲಿಟ್ಟ. ಇನ್ನು ಕ್ಲಾಂಪು ಬಿಗಿದರಾಯಿತು. ಕ್ಲಾಂಪಿಗೆ ಕೈ ಚಾಚಿದ್ದ, ಅಷ್ಟರಲ್ಲಿ ಮೆಟ್ಟಿಲ ಮೇಲೆ ಸದ್ದಾಯಿತು. ಟಕ್. ಟಕ್. ಟಕ್. ಆ ಹೆಜ್ಜೆ ಕೇಳಿದರೆ ಇಡೀ ಆಸ್ಪತ್ರೆ ಕಾಲು ಕೆಳಗಿಳಿಸಿ ನೆಟ್ಟಗೆ ಕೂರುತ್ತಿತ್ತು.

ಬಡಗಿ ಹತ್ತಿರವಿದ್ದ ಚಾದರವನ್ನು ಹಲಗೆಗಳ ಮೇಲೆ ಎಸೆದು, ಅದರ ಮೇಲೆ ಧೊಪ್ಪನೆ ಕುಳಿತ. ಮನಸ್ಸಿನಲ್ಲಿ, "ದೇವರೇ, ತಪ್ಪು ತಿಳ್ಕೋಬೇಡ, ಬೇರೆ ದಾರಿ ಇಲ್ಲ" ಎಂದ.

ದೊಡ್ಡ ಸಿಸ್ಟರ್ ಬಾಗಿಲಲ್ಲಿ ನಿಂತರು. ಕೊನೆಯ ದಿನವೂ ಅವರ ಬಟ್ಟೆಯಲ್ಲಿ ಒಂದು ನೆರಿಗೆ ಇರಲಿಲ್ಲ.

"ಬಡಗಿಯವರೇ, ಆಗ ಕಿರುಚಿದ್ದು ಯಾರು?"

"ನಾನೇ ಸಿಸ್ಟರ್."

"ಎರಡು ಮಹಡಿ ಮೇಲೆ ಈಗ ತಾನೇ ಆಪರೇಷನ್ ಆದವರೊಬ್ಬರು ಬೆಚ್ಚಿಬಿದ್ದು, ಇನ್ನೊಂದು ಆಪರೇಷನ್ ಶುರುವಾಯ್ತಾ ಅಂತ ಕೇಳಿದ್ರು." ಆಮೇಲೆ ಅವನನ್ನೇ ನೋಡಿ, "ನೀವು ಯಾಕೆ ಎದ್ದು ನಿಂತಿಲ್ಲ?" ಎಂದರು.

"ಸೊಂಟ, ಸಿಸ್ಟರ್. ಹಿಡ್ಕೊಂಡುಬಿಟ್ಟಿದೆ. ಮೆಟ್ಟಿಲು ರಿಪೇರಿ ಮಾಡ್ತಾ..."

ಸೊಂಟ ಎಂದದ್ದೇ ತಪ್ಪಾಯಿತು. ಸೊಂಟವನ್ನು ಹೇಗೆ ಬಗ್ಗಿಸಬೇಕು, ಭಾರ ಎತ್ತುವಾಗ ಮಂಡಿಯನ್ನು ಹೇಗೆ ಮಡಚಬೇಕು ಎಂದು ಅವರು ಶುರುಮಾಡಿದರು. ಅಲ್ಲಿಂದ ಮರದ ಹೊಟ್ಟು ಗುಡಿಸದೆ ಬಿಟ್ಟರೆ ಬೆಂಕಿ ಹೇಗೆ ಹತ್ತುತ್ತದೆ ಎಂಬಲ್ಲಿಗೆ ಹೋದರು. ಬೆಂಕಿಯಿಂದ ಮರಳಿನ ಬಕೆಟ್ಟಿಗೆ, ಬಕೆಟ್ಟಿನಿಂದ ಅದರೊಳಗಿದ್ದ ಬೀಡಿ ತುಂಡುಗಳಿಗೆ, ಅಲ್ಲಿಂದ ಶ್ವಾಸಕೋಶಕ್ಕೆ. ಬಡಗಿ ಹೂಂ ಹೂಂ ಎಂದು ಕುಳಿತಿದ್ದ. ಮೂಗಿನ ತುದಿಯವರೆಗೂ ಬಂದ ಶಿಳ್ಳೆಯನ್ನು ಬೆರಳಿನಿಂದ ಹಿಡಿದುಕೊಂಡಿದ್ದ. ಒಂದು ಸಲ ತುಸು ಅಲುಗಿದಾಗ ಕೆಳಗಿನ ಹಲಗೆ ಕಿರ್ ಎಂದಿತು. ಅವನು ಕೆಮ್ಮಿದ. ಅವರು ಕೆಮ್ಮಿನ ಬಗ್ಗೆಯೂ ಐದು ನಿಮಿಷ ಹೇಳಿದರು.

ಕೊನೆಗೆ ಅವರೇ ನಿಲ್ಲಿಸಿದರು. ಕೋಣೆಯನ್ನು ಒಮ್ಮೆ ಸುತ್ತ ನೋಡಿದರು.

"ನಾಳೆಯಿಂದ ಇದನ್ನೆಲ್ಲ ಹೇಳೋಕೆ ನಾನಿರಲ್ಲ. ನಿಮಗೆ ಖುಷಿ ಆಗುತ್ತೆ."

"ಛೆ ಛೆ, ಹಾಗೇನಿಲ್ಲ ಸಿಸ್ಟರ್" ಎಂದ ಬಡಗಿ. ಅವನ ಐವತ್ತು ವರ್ಷದ ಬಾಳಿನಲ್ಲಿ ಅಷ್ಟು ದೊಡ್ಡ ಸುಳ್ಳು ಅವನ ಬಾಯಿಂದ ಬಂದಿರಲಿಲ್ಲ.

ಅವರು ಮೇಲೆ ಹೋದಾಗ ಗಡಿಯಾರ ಮೂರು ತೋರಿಸುತ್ತಿತ್ತು. ಪೂರಾ ನಲವತ್ತು ನಿಮಿಷ. ಬಡಗಿ ಜೋಮು ಹಿಡಿದ ಕಾಲನ್ನು ಎಳೆದುಕೊಂಡು ಎದ್ದು, ಮೇಲಿನ ಹಲಗೆ ತೆಗೆದ. ಯಾವ ಕ್ಲಾಂಪೂ ಕೊಡಲಾಗದಷ್ಟು ಸಮನಾದ ಒತ್ತಡ ಬಿದ್ದು, ಪಟ್ಟಿ ತೋಡಿನೊಳಗೆ ಹುಟ್ಟಿನಿಂದಲೇ ಅಲ್ಲಿತ್ತೇನೋ ಎಂಬಂತೆ ಕೂತಿತ್ತು. ಅಂಟು ಗಟ್ಟಿಯಾಗಿತ್ತು. ಆ ಹೆಂಗಸು ಬೈದೂ ಬೈದೂ ತಮ್ಮ ಉಡುಗೊರೆಯನ್ನು ತಾವೇ ಅಂಟಿಸಿಕೊಂಡು ಹೋಗಿದ್ದರು.

ಇನ್ನು ಉಳಿದದ್ದು ಒಂದು ಗಂಟೆ. ಇಡೀ ನೆಲಮಾಳಿಗೆ ಒಂದಾಯಿತು. ಬಡಗಿ ಉಬ್ಬಿದ ಬಿಳಿಯ ಅಂಚನ್ನು ಕಪ್ಪು ಮರದ ಮಟ್ಟಕ್ಕೆ ಸವರಿದ. ಡ್ರೈವರ್ ಸ್ಯಾಂಡ್‌ಪೇಪರ್ ಹಿಡಿದು, ತನ್ನ ಬ್ಯಾಟಿನ ಮೈಯನ್ನು ಬೆರಳಿನಿಂದ ಗುರುತು ಹಿಡಿಯುತ್ತ ಉಜ್ಜಿದ. ಎಲೆಕ್ಟ್ರೀಷಿಯನ್ ದೀಪ ಹತ್ತಿರ ಹಿಡಿದು, "ಅಲ್ಲೊಂದು ಚೂರು, ಇಲ್ಲೊಂದು ಚೂರು" ಎಂದು ತೋರಿಸಿದ. ಅಕ್ಕ ತನ್ನ ಬಳಿಯಿದ್ದ ಎಲ್ಲಕ್ಕಿಂತ ಮೆತ್ತನೆಯ ಬಟ್ಟೆ ತಂದು, ಜೇನುಮೇಣ ಹಚ್ಚಿ ಒರೆಸಿದಳು. ಮೇಣ ತಾಗುತ್ತಲೇ ಬೀಟೆ ಇನ್ನಷ್ಟು ಕಪ್ಪಾಯಿತು, ಗೆರೆ ಇನ್ನಷ್ಟು ಬಿಳಿಯಾಯಿತು. ನಾಲ್ವರೂ ಬಗ್ಗಿ ನೋಡಿದರು.

"ಇದರಲ್ಲಿ ತಪ್ಪು ಹುಡುಕಿದ್ರೆ ನಾನು ಮೀಸೆ ಬೋಳಿಸ್ತೀನಿ" ಎಂದ ಡ್ರೈವರ್.

ನಾಲ್ಕಕ್ಕೆ ಸಭೆ ಕಿಕ್ಕಿರಿದಿತ್ತು. ಗುಮಾಸ್ತರು ಭಾಷಣ ಮಾಡಿ, ದೊಡ್ಡ ಸಿಸ್ಟರ್ ಹೋದರೆ ಆಸ್ಪತ್ರೆಯೇ ಅನಾಥವಾಗುತ್ತದೆ ಎಂದು ಕಣ್ಣೊರೆಸಿಕೊಂಡರು. ಸಭೆಯಲ್ಲಿ ಎಲ್ಲರೂ ನಗು ತಡೆಯಲು ಕರವಸ್ತ್ರ ಬಾಯಿಗಿಟ್ಟುಕೊಂಡಿದ್ದರಿಂದ ನೋಡಲು ದುಃಖದ ಹಾಗೆಯೇ ಕಂಡಿತು. ಆಮೇಲೆ ದೊಡ್ಡ ಡಾಕ್ಟರು ಶಿಲುಬೆಯ ಮೇಲಿನ ಬಟ್ಟೆ ತೆಗೆದು ಅವರ ಕೈಗೆ ಕೊಟ್ಟರು. "ನಮ್ಮ ಬಡಗಿಯೇ ಮಾಡಿದ್ದು" ಎಂದರು.

ದೊಡ್ಡ ಸಿಸ್ಟರ್ ಕನ್ನಡಕ ಹಾಕಿಕೊಂಡರು.

ಮೊದಲು ಬೆಳಕಿಗೆ ಹಿಡಿದು ಅಂಚಿನುದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡಿದರು. ಹಿಂದೆ ತಿರುಗಿಸಿದರು. ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಟ್ಟರು. ಕೊನೆಗೆ ಹೆಬ್ಬೆರಳಿನ ಉಗುರನ್ನು ಬಿಳಿ ಗೆರೆಯ ಮೇಲಿಟ್ಟು, ಮೆಲ್ಲಗೆ, ಒಂದೊಂದೇ ಮೂಲೆ ತಿರುಗುತ್ತ ಸುತ್ತ ಎಳೆದರು. ಬಡಗಿ ಹಿಂದಿನ ಸಾಲಿನಲ್ಲಿ ನಿಂತು ಮೂಲೆ ಎಣಿಸುತ್ತಿದ್ದ. ಒಂಬತ್ತು. ಹತ್ತು. ಉಗುರು ಎಲ್ಲೂ ಎಡವಲಿಲ್ಲ. ಹನ್ನೊಂದು. ಅವನ ಅಂಗಿ ಬೆನ್ನಿಗೆ ಅಂಟಿತ್ತು. ಹನ್ನೆರಡು.

ಅವರು ಕನ್ನಡಕ ತೆಗೆದರು. ಅವರ ಕಣ್ಣು ಒದ್ದೆಯಾಗಿತ್ತು.

"ಸರಿಯಾಗಿದೆ" ಎಂದರು.

ಚಪ್ಪಾಳೆ ಬಿತ್ತು. ಡ್ರೈವರ್ ಬಡಗಿಯ ಬೆನ್ನಿಗೆ ಗುದ್ದಿದ. ಬಡಗಿಗೆ ಯಾವುದೂ ಗೊತ್ತಾಗಲಿಲ್ಲ. ಹತ್ತೊಂಬತ್ತು ವರ್ಷ ಹೊಟ್ಟೆಯಲ್ಲಿ ಕುದಿಯುತ್ತಿದ್ದದ್ದು ಒಮ್ಮೆಗೇ ತಣ್ಣಗಾಯಿತು. ಪಾಪ, ಒಳ್ಳೆಯ ಹೆಂಗಸು, ಸುಮ್ಮನೆ ಇಷ್ಟು ವರ್ಷ ದ್ವೇಷ ಮಾಡಿದೆನಲ್ಲ ಎಂದು ಅವನಿಗೆ ಅಳು ಬರುವ ಹಾಗಾಯಿತು.

ಚಪ್ಪಾಳೆ ನಿಂತಿತು. ದೊಡ್ಡ ಸಿಸ್ಟರ್ ಮಾತ್ರ ಕೂರಲಿಲ್ಲ.

"ಡಾಕ್ಟರೇ, ಎರಡು ತಿಂಗಳಿಂದ ನೀವು ಇನ್ನೂ ಮೂರು ವರ್ಷ ಇರಿ, ಬೋರ್ಡಿನವರು ಒಪ್ಪಿದ್ದಾರೆ ಅಂತ ಕೇಳ್ತಾನೇ ಇದ್ರಿ. ನಾನು ಆಗಲ್ಲ ಅಂದೆ. ಯಾಕೆ ಅಂತ ನೀವು ಕೇಳಲಿಲ್ಲ. ಇಷ್ಟು ವರ್ಷ ಹೇಳಿದ್ದೆಲ್ಲ ಗೋಡೆಗೆ ಹೇಳಿದ ಹಾಗಾಯ್ತು, ನನ್ನಿಂದ ಇಲ್ಲಿ ಒಬ್ಬರೂ ಒಂದು ಚೂರೂ ಸರಿಹೋಗಲಿಲ್ಲ ಅಂತ ಬೇಜಾರಾಗಿತ್ತು." ಅವರು ಶಿಲುಬೆಯನ್ನು ಎದೆಗೊತ್ತಿಕೊಂಡರು. "ಇವತ್ತು ಇದನ್ನ ನೋಡಿದೆ. ಬಡಗಿಯವರ ಕೈಲೇ ಇಂಥ ಕೆಲಸ ಬಂತು ಅಂದ್ರೆ ನಾನು ಹೇಳಿದ್ದು ದಂಡ ಆಗಿಲ್ಲ. ನಿಮ್ಮ ಮಾತಿಗೆ ಒಪ್ಪಿದ್ದೀನಿ ಡಾಕ್ಟರೇ. ನಾನು ಹೋಗಲ್ಲ."

ದೊಡ್ಡ ಡಾಕ್ಟರೊಬ್ಬರೇ ಚಪ್ಪಾಳೆ ತಟ್ಟಿದರು.

"ಒಂದು ಮಾತು" ಎಂದರು ದೊಡ್ಡ ಸಿಸ್ಟರ್. "ವಾರ್ಡುಗಳನ್ನ ನೋಡ್ಕೊಳ್ಳೋಕೆ ಚಿಕ್ಕವರಿದ್ದಾರೆ. ನನಗೆ ನೆಲಮಾಳಿಗೆ ಕೊಡಿ. ಮರಗೆಲಸ, ಎಲೆಕ್ಟ್ರಿಕ್ಕು, ಲಾಂಡ್ರಿ, ಆಂಬುಲೆನ್ಸ್ ಶೆಡ್ಡು. ಅಲ್ಲಿನವರಲ್ಲಿ ಬಹಳ ಪ್ರತಿಭೆ ಇದೆ. ಸ್ವಲ್ಪ ಹತ್ತಿರದಿಂದ ತಿದ್ದೋರು ಬೇಕು. ನನ್ನ ಮೇಜು ಅಲ್ಲೇ, ಮರಗೆಲಸದ ಕೋಣೆಯಲ್ಲೇ ಹಾಕಿಸಿ."

"ಆಗಲಿ! ನಾಳೆಯೇ ಹಾಕಿಸ್ತೀನಿ!" ಎಂದರು ದೊಡ್ಡ ಡಾಕ್ಟರು.

ಹಿಂದಿನ ಸಾಲಿನಲ್ಲಿ ಮೂರು ತಲೆಗಳು ಒಟ್ಟಿಗೆ ಬಡಗಿಯತ್ತ ತಿರುಗಿದವು. ಲಾಂಡ್ರಿ ಅಕ್ಕನ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಡ್ರೈವರ್ ಮುಷ್ಟಿ ಕಟ್ಟಿಕೊಂಡು ನಿಂತಿದ್ದ. ಎಲೆಕ್ಟ್ರೀಷಿಯನ್ ಬಡಗಿಯ ಕಿವಿಗೆ ಬಾಯಿ ಹಚ್ಚಿ, ಹಲ್ಲು ಕಡಿಯುತ್ತ ಕೇಳಿದ:

"ಇಷ್ಟು ಚೆನ್ನಾಗಿ ಮಾಡು ಅಂತ ಯಾರಣ್ಣ ಹೇಳಿದ್ರು ನಿಂಗೆ?"